ಬಂಗಾರ ಹೋಯಿತು, ನಂಜು ಉಳಿಯಿತು

ನಮ್ಮ ಸೀಮೆಯ ಭಾಗ್ಯವನ್ನು ಕುರಿತು ಭಾಷಣ ಮಾಡುವವರು ಮೊದಲು ಎತ್ತುವುದು ಬಂಗಾರದ ಮಾತನ್ನು. ಹಟ್ಟಿಯ ಗಣಿ, ದೇವದುರ್ಗ ತಾಲೂಕಿನ ಊಟಿಯ ಗಣಿ, ಎರಡು ಸಾವಿರ ವರ್ಷಗಳ ಹಿಂದೆಯೇ ನೆಲ ತೋಡಿ ಅದಿರು ತೆಗೆದ ನಮ್ಮ ಪೂರ್ವಿಕರ ಸಾಹಸ, ಇವೆಲ್ಲ ವೇದಿಕೆಯ ಮೇಲೆ ಸಾಲಾಗಿ ಬರುತ್ತವೆ. ಇದರಲ್ಲಿ ಸುಳ್ಳೇನೂ ಇಲ್ಲ. ಅಶೋಕನ ಹೆಸರು ಕೆತ್ತಿದ ಮಸ್ಕಿಯ ಶಾಸನವನ್ನು 1915ರಲ್ಲಿ ಗುರುತಿಸಿದ ಸಿ. ಬೀಡನ್ ಎಂಬಾತ ಬಂಗಾರದ ಅದಿರನ್ನು ಅರಸಿ ಬಂದಿದ್ದ ಇಂಜಿನಿಯರನೇ. 1947ರಲ್ಲಿ ನಿಜಾಮನ ಆಳ್ವಿಕೆಯಲ್ಲಿ ಹೈದರಾಬಾದಿನ ಹೆಸರಿನಲ್ಲಿ ಹುಟ್ಟಿದ ಗಣಿ ಕಂಪನಿಯು 1956ರಲ್ಲಿ ಹಟ್ಟಿಯ ಹೆಸರನ್ನು ಪಡೆದು, ರಾಜ್ಯ ಸರ್ಕಾರದ ಉದ್ಯಮವಾಗಿ ಇಂದಿಗೂ ಬಂಗಾರ ತೆಗೆಯುತ್ತಿದೆ. ಸಾವಿರಾರು ಸಂಸಾರಗಳು ಅದರಿಂದ ಅನ್ನ ಉಂಡಿವೆ.

ಆದರೆ ಭಾಷಣಕಾರರು ಎತ್ತದಿರುವ ಪ್ರಶ್ನೆಯೊಂದಿದೆ. ಗಣಿಯು ಬಂಗಾರವನ್ನು ಕೊಟ್ಟು ಮುಗಿಸಿದ ಮೇಲೆ ಆ ನೆಲದ ಗತಿಯೇನು? ಅದಿರನ್ನು ಅರೆದು, ರಸಾಯನ ಹಾಕಿ, ಬೇಕಾದುದನ್ನು ಹೀರಿಕೊಂಡು ಹೊರಗೆ ಚೆಲ್ಲಿದ ಪುಡಿಯ ರಾಶಿ ಯಾರದು? ಆ ರಾಶಿಯ ಕೆಳಗಿನ ಬಾವಿಯ ನೀರು ಯಾರ ಪಾಲಿನದು? ಉಂಡವರು ಎದ್ದು ಹೋದರು, ಎಲೆ ಎತ್ತುವವರು ಯಾರು? ಈ ಪ್ರಶ್ನೆಗೆ ಸರ್ಕಾರದ ಬಳಿ ಇಂದಿಗೂ ನೇರವಾದ ಉತ್ತರವಿಲ್ಲ. ಉತ್ತರವಿಲ್ಲದಿರುವುದಕ್ಕೆ ಬೆಲೆ ತೆತ್ತವರು ನಮ್ಮ ಹೊಳೆಯ ಆಚೆ ದಂಡೆಯಲ್ಲಿಯೇ ಇದ್ದಾರೆ.

ಕಿರದಳ್ಳಿ ತಾಂಡಾದ ಸಾಕ್ಷ್ಯ

ಸುರಪುರ ತಾಲೂಕು ಮೊದಲು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು, ಈಗ ಯಾದಗಿರಿ ಜಿಲ್ಲೆಯದು. ಅಲ್ಲಿನ ಮಂಗಳೂರು ಎಂಬ ಊರಿನ ಸುತ್ತ ಹಳೆಯ ಬಂಗಾರದ ಗಣಿಯ ಪ್ರದೇಶವಿದೆ. ಕರಾವಳಿಯ ಮಂಗಳೂರಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಆ ಗಣಿ ಮುಚ್ಚಿಹೋಯಿತು. ಗಣಿಯವರು ಹೋದರು. ಸಮೀಪದ ಕಿರದಳ್ಳಿ ತಾಂಡಾದ ಲಂಬಾಣಿ ಜನ ಎಲ್ಲಿಗೂ ಹೋಗಲಿಲ್ಲ. ಸುಗ್ಗಿ ಮುಗಿದ ಮೇಲೆ ಗುಳೆ ಹೋದರೂ ಮತ್ತೆ ಬಂದು ಅದೇ ಕೊಳವೆ ಬಾವಿಯ ನೀರನ್ನು ಕುಡಿದರು.

ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಅವರ ಸಂಗಡಿಗರು ಈ ಪ್ರದೇಶದಲ್ಲಿ ನಡೆಸಿದ ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ಅದರ ಅಂಕಿಗಳನ್ನು ಪ್ರತಿಯೊಬ್ಬ ಶಾಸಕನೂ ಬಾಯಿಪಾಠ ಮಾಡಬೇಕು. ಅವರು ಪರೀಕ್ಷಿಸಿದ ಕೊಳವೆ ಬಾವಿಗಳ ನೀರಿನ ಮಾದರಿಗಳು 59. ಅವುಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ಕಿನ ಅಂಶವು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತಿ ಹೆಚ್ಚಾಗಿ ಸಿಕ್ಕದ್ದು 303, ಎಂದರೆ ಮಿತಿಯ ಮೂವತ್ತು ಪಟ್ಟು. ಮೇಲ್ಮಣ್ಣಿನ 12 ಮಾದರಿಗಳಲ್ಲಿ 6ರಲ್ಲಿ ಕಿಲೋ ಮಣ್ಣಿಗೆ 2,000 ಮಿಲಿಗ್ರಾಮಿಗೂ ಮಿಕ್ಕಿ ಆರ್ಸೆನಿಕ್ ಇತ್ತು. 171 ಜನರ ಕೂದಲು ಉಗುರುಗಳನ್ನು ನೋಡಿದರೆ ಎಲ್ಲರಲ್ಲಿಯೂ ಅದು ಹೆಚ್ಚಾಗಿಯೇ ಕಂಡಿತು. ಪರೀಕ್ಷೆಗೆ ಬಂದ 181 ಜನರ ಪೈಕಿ ನೂರಕ್ಕೆ 58.6ರಷ್ಟು ಜನರ ಚರ್ಮದ ಮೇಲೆ ಅದರ ಗುರುತುಗಳಿದ್ದವು. ಸಂಶಯ ಬಂದ ನಾಲ್ವರ ಚರ್ಮದ ಚೂರನ್ನು ತೆಗೆದು ನೋಡಿದಾಗ ಮೂವರಲ್ಲಿ ಅದು ಆರ್ಸೆನಿಕ್ಕಿನಿಂದ ಬಂದ ಚರ್ಮರೋಗವೇ ಎಂಬುದು ದೃಢಪಟ್ಟಿತು.

ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆದ ವಿಷವೇ. ನೀರಿನಲ್ಲಿ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಹೆಚ್ಚುತ್ತದೆ. ಕಾಲರಾದಂತೆ ಒಂದೇ ರಾತ್ರಿಯಲ್ಲಿ ಊರನ್ನು ಎಬ್ಬಿಸುವ ಜಾತಿಯೂ ಅದಲ್ಲ. ಹಲವು ವರ್ಷ ಸದ್ದಿಲ್ಲದೆ ಕೆಲಸ ಮಾಡಿ, ಮೊದಲು ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಕಲೆಗಳನ್ನು ಮೂಡಿಸುತ್ತದೆ. ಅಂಗೈ ಅಂಗಾಲುಗಳನ್ನು ಗಂಟುಗಂಟಾಗಿಸುತ್ತದೆ. ಕಡೆಗೆ ಹುಣ್ಣು, ಕೊಳೆತ, ಕ್ಯಾನ್ಸರ್. ಕೂಲಿಯಿಂದ ಬದುಕುವವನ ಅಂಗೈ ಹೋದರೆ ಬದುಕೇ ಹೋದಂತೆ. ಆ ಕಲೆಗಳನ್ನು ಕುಷ್ಠವೆಂದು ತಿಳಿದು ಜನ ದೂರ ಸರಿಯುವುದು, ಹೆಣ್ಣುಮಕ್ಕಳ ಮದುವೆ ಮುರಿಯುವುದು ಆರ್ಸೆನಿಕ್ ಇರುವ ಸೀಮೆಗಳಲ್ಲೆಲ್ಲ ಕಂಡ ಸಂಗತಿ. ಇದನ್ನು ಯಾವ ಪರಿಹಾರದ ಪಟ್ಟಿಯೂ ಬರೆದುಕೊಂಡಿಲ್ಲ.

ನಂಜು ಬಂದುದು ಎಲ್ಲಿಂದ?

ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಬಂಗಾರವಿರುವ ಬಂಡೆಯಲ್ಲಿ ಆರ್ಸೆನಿಕ್, ಗಂಧಕ ಮತ್ತು ಕಬ್ಬಿಣ ಕೂಡಿದ ಖನಿಜವೂ ಬಹಳ ಕಡೆ ಇರುತ್ತದೆ. ಭೂಮಿಯ ಆಳದಲ್ಲಿ ಗಾಳಿ ತಾಗದೆ ಇರುವಷ್ಟು ಕಾಲ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಅದನ್ನು ಮೇಲಕ್ಕೆ ತಂದು, ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಬಂಗಾರವನ್ನು ಕರಗಿಸಿ ತೆಗೆದುಕೊಂಡು, ಮಿಕ್ಕ ಪುಡಿಯನ್ನು ಬಯಲಿನಲ್ಲಿ ಗುಡ್ಡೆ ಹಾಕಿದರೆ ಗಾಳಿಯೂ ಮಳೆಯೂ ಅದರೊಡನೆ ಬೆರೆಯುತ್ತವೆ. ಸಯನೈಡ್ ಬಿಸಿಲಿಗೆ ಕಾಲಕ್ರಮದಲ್ಲಿ ಒಡೆಯುತ್ತದೆ. ಆರ್ಸೆನಿಕ್ ಒಡೆಯುವ ವಸ್ತುವಲ್ಲ. ಅದು ಬೇಸಿಗೆಯ ಗಾಳಿಯಲ್ಲಿ ಧೂಳಾಗಿ ಹೊಲಕ್ಕೆ ಹೋಗುತ್ತದೆ, ಮಳೆಯಲ್ಲಿ ಹಳ್ಳಕ್ಕೆ ಹರಿಯುತ್ತದೆ, ನೆಲದೊಳಗೆ ಇಂಗುತ್ತದೆ.

ನಮ್ಮ ಸೀಮೆಯ ಬಂಡೆಯಲ್ಲಿ ಆರ್ಸೆನಿಕ್ ಸಹಜವಾಗಿಯೂ ಇದೆ, ಆಳದ ನೀರಿನಲ್ಲಿ ಗಣಿಯ ಕೈವಾಡವಿಲ್ಲದೆಯೂ ಅದು ಬರಬಲ್ಲದು ಎಂಬ ಮಾತನ್ನು ಅಧಿಕಾರಿಗಳು ಹೇಳುವುದುಂಟು. ಆ ಮಾತು ಸುಳ್ಳಲ್ಲ. ಕೇಂದ್ರ ಅಂತರ್ಜಲ ಮಂಡಳಿಯು ಆರ್ಸೆನಿಕ್ ಕಂಡ ಕರ್ನಾಟಕದ ಜಿಲ್ಲೆಗಳೆಂದು ರಾಯಚೂರು, ಯಾದಗಿರಿಗಳ ಹೆಸರನ್ನೇ ಬರೆದಿದೆ. ಆದರೆ ಈ ಮಾತನ್ನು ಹೇಳಿ ಫೈಲನ್ನು ಕಟ್ಟಿಡುವುದು ಮಾತ್ರ ಮೋಸ. ಬಂಡೆಯಿಂದ ಬಂದುದೆಷ್ಟು, ಗಣಿಯ ರಾಶಿಯಿಂದ ಬಂದುದೆಷ್ಟು ಎಂದು ಅಳೆದು ಬೇರ್ಪಡಿಸುವ ಕೆಲಸವನ್ನೇ ನಾವು ಕೇಳುತ್ತಿರುವುದು. ಮೇಲ್ಮಣ್ಣಿನಲ್ಲಿ ಕಿಲೋಗೆ 2 ಗ್ರಾಮಿಗಿಂತ ಹೆಚ್ಚು ಸಿಕ್ಕಿದ್ದನ್ನು ನೋಡಿ ಆ ವಿಜ್ಞಾನಿಗಳೇ ಗಣಿಯ ಪುಡಿಯ ಕಡೆಗೆ ಬೆರಳು ತೋರಿಸಿದ್ದಾರೆ. ಇನ್ನು, ನಂಜು ಬಂಡೆಯದೇ ಆಗಲಿ, ರಾಶಿಯದೇ ಆಗಲಿ, ಕುಡಿಯುವ ತಾಯಿಗೆ ಒಳ್ಳೆಯ ನೀರು ಕೊಡುವ ಹೊಣೆ ಸರ್ಕಾರದ ಮೇಲಿಂದ ಇಳಿಯುವುದಿಲ್ಲ.

ಕೋಲಾರವನ್ನು ನೋಡಿರಿ

ಸತ್ತ ಗಣಿಯ ಪಕ್ಕದ ಬಾಳು ಎಂಥದೆಂದು ತಿಳಿಯಲು ಕೋಲಾರದ ಚಿನ್ನದ ಗಣಿಗಿಂತ ದೊಡ್ಡ ಪಾಠ ಬೇಕಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದ ಆ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವು ವಶಪಡಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 2001ರ ಫೆಬ್ರುವರಿ ಕಡೆಯ ದಿನ ಬಾಗಿಲು ಮುಚ್ಚಿತು. ಭೂಮಿಯ ಕೆಳಗೆ ಮೂರು ಕಿಲೋಮೀಟರಿಗೂ ಆಳದಲ್ಲಿ ದುಡಿದವರ ಮಕ್ಕಳಿಗೆ ಉಳಿದುದು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುವ ದಾರಿ, ಮತ್ತು ಊರ ಸುತ್ತ ಮೂರು ಕೋಟಿ ಟನ್ನಿಗೂ ಮಿಕ್ಕ ಪುಡಿಯ ದಿಬ್ಬಗಳು. ಜನ ಅವನ್ನು ಸಯನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಗಾಳಿ ಎದ್ದ ದಿನ ಆ ಪುಡಿ ಮನೆಯ ಅಡಿಗೆಯ ಪಾತ್ರೆಗೂ ಬರುತ್ತದೆ.

ಎರಡು ದಶಕಗಳ ಕಾಲ ಆ ದಿಬ್ಬಗಳು ಯಾರಿಗೂ ಬೇಡವಾಗಿದ್ದವು. 2024ರ ಜೂನ್‌ನಲ್ಲಿ ರಾಜ್ಯದ ಮಂತ್ರಿಮಂಡಲವು 13 ದಿಬ್ಬಗಳಿರುವ 1,003.4 ಎಕರೆ ನೆಲದ ಮೇಲೆ ಮತ್ತೆ ಗಣಿ ಕೆಲಸ ನಡೆಸುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಕಾರಣ, ಆ ಪುಡಿಯಲ್ಲಿ ಇನ್ನೂ ಸ್ವಲ್ಪ ಬಂಗಾರವಿದೆ! ದಿಬ್ಬವನ್ನು ತೆಗೆಯುವುದು ಕೂಡದೆಂದು ನಾವು ಹೇಳುತ್ತಿಲ್ಲ. ಕ್ರಮವಾಗಿ ತೆಗೆದರೆ ಊರಿಗೂ ಒಳ್ಳೆಯದಾಗಬಹುದು. ಆದರೆ ಇದರ ನೀತಿಯನ್ನು ಗಮನಿಸಿರಿ. ರಾಶಿಯಲ್ಲಿ ಬಂಗಾರ ಉಳಿದಿದ್ದರೆ ಸರ್ಕಾರಕ್ಕೆ ನೆನಪು ಬರುತ್ತದೆ. ಬರೀ ನಂಜು ಉಳಿದಿದ್ದರೆ ನೆನಪು ಬರುವುದಿಲ್ಲ. ಕಿರದಳ್ಳಿ ತಾಂಡಾ ಈ ಎರಡನೆಯ ಲೆಕ್ಕಕ್ಕೆ ಸೇರಿದುದು.

ಕಾನೂನಿನ ಸಂದಿ

ಈಗ ಕಾನೂನಿನ ಮಾತಿಗೆ ಬರೋಣ. ಭೋಪಾಲದ ದುರಂತ ನಡೆದದ್ದು 1984ರ ಡಿಸೆಂಬರಿನಲ್ಲಿ. ಆ ಕಾರ್ಖಾನೆಯೊಳಗೆ ಕೂಡಿಟ್ಟಿದ್ದ 337 ಟನ್ ವಿಷದ ಕಸ ಅಲ್ಲಿಂದ ಹೊರಗೆ ಹೊರಟದ್ದು 2025ರ ಜನವರಿಯಲ್ಲಿ, ಅದೂ ನ್ಯಾಯಾಲಯ ಗದರಿಸಿದ ಮೇಲೆ. ನಲವತ್ತು ವರ್ಷ! ಅಷ್ಟಾದರೂ ಸುತ್ತಣ ಮಣ್ಣಿಗೂ ಅಂತರ್ಜಲಕ್ಕೂ ಇಳಿದ ವಿಷ ಆ ಲಾರಿಗಳನ್ನು ಹತ್ತಲಿಲ್ಲ. ಅಮೆರಿಕದಲ್ಲಿ ಇಂಥ ನೆಲಗಳನ್ನು ಶುದ್ಧ ಮಾಡುವುದಕ್ಕೆಂದೇ 1980ರಲ್ಲಿ ಕಾನೂನು ಬಂದಿತು. ಕೆಡಿಸಿದವನೇ ತೆರಬೇಕು, ಕೆಡಿಸಿದವನು ಸಿಗದಿದ್ದರೆ ರಾಸಾಯನಿಕ ಮತ್ತು ಎಣ್ಣೆ ಕಂಪನಿಗಳ ಮೇಲಿನ ತೆರಿಗೆಯ ನಿಧಿಯಿಂದ ಶುದ್ಧಿಯಾಗಬೇಕು ಎಂಬುದು ಅದರ ತಿರುಳು. 1995ರಲ್ಲಿ ಆ ತೆರಿಗೆ ನಿಂತ ಮೇಲೆ ನಿಧಿ ಬತ್ತಿತು, ಕೆಲಸ ಕುಂಟಿತು. ಬಂಡವಾಳಗಾರರ ದೇಶದಲ್ಲಿಯೂ ನಿಧಿಯಿಲ್ಲದ ಕಾನೂನು ನಡೆಯದೆಂಬ ಪಾಠ ನಮಗೆ ಇದರಿಂದ ಸಿಗುತ್ತದೆ.

ನಮ್ಮ ದೇಶದಲ್ಲಿ ಇಂಥ ನೆಲಗಳಿಗೆಂದು ಪ್ರತ್ಯೇಕ ನಿಯಮಗಳು ಬಂದುದು 2025ರ ಜುಲೈ ತಿಂಗಳಲ್ಲಿ, 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ. ತಡವಾಗಿ ಬಂದರೂ ಸ್ವಾಗತಿಸತಕ್ಕ ನಿಯಮಗಳೇ. ಅವುಗಳ ಪ್ರಕಾರ, ಸಂಶಯವಿರುವ ನೆಲಗಳ ಪಟ್ಟಿಯನ್ನು ಜಿಲ್ಲಾಡಳಿತವು ಆರು ತಿಂಗಳಿಗೊಮ್ಮೆ ಕಳಿಸಬೇಕು. 90 ದಿನಗಳೊಳಗೆ ಮೊದಲ ಪರೀಕ್ಷೆ ನಡೆಯಬೇಕು. ಸಂಶಯ ನಿಂತರೆ ಮುಂದಿನ ಮೂರು ತಿಂಗಳಲ್ಲಿ ವಿವರವಾದ ಅಳತೆಯಾಗಬೇಕು. ಕೆಡಿಸಿದವರು ಯಾರೆಂದು ಗುರುತಿಸಿ ಅವರಿಂದ ಶುದ್ಧಿಯ ಖರ್ಚನ್ನು ವಸೂಲು ಮಾಡಬೇಕು. ಯಾರೂ ಸಿಗದಿದ್ದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸಬೇಕು. ಈ ನಿಯಮಗಳು ಬಂದ ಕಾಲಕ್ಕೆ ದೇಶದಲ್ಲಿ ಗುರುತಿಸಿದ್ದ ಕೆಟ್ಟ ನೆಲಗಳು 103. ಶುದ್ಧಿಯ ಕೆಲಸ ಶುರುವಾಗಿದ್ದುದು 7ರಲ್ಲಿ ಮಾತ್ರ.

ಆದರೆ ಇದೇ ನಿಯಮಗಳ ಒಳಗೆ ನಮ್ಮ ಸೀಮೆಯ ಕತ್ತು ಕೊಯ್ಯುವ ಮಾತೊಂದು ಅಡಗಿದೆ. ಗಣಿಗಾರಿಕೆಯಿಂದ ಕೆಟ್ಟ ನೆಲಕ್ಕೆ ಈ ನಿಯಮಗಳು ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಕಾನೂನುಗಳಿವೆ ಎಂದು ಅಲ್ಲಿ ಹೇಳಿದೆ. ಆ ಬೇರೆ ಕಾನೂನು ಏನು ಹೇಳುತ್ತದೆ? ಗಣಿಯನ್ನು ಮುಚ್ಚುವ ಮೊದಲು ಮುಚ್ಚುವ ಯೋಜನೆ ಮಾಡಬೇಕು, ಅದಕ್ಕೆ ಭದ್ರತಾ ಹಣ ಇಡಬೇಕು ಎಂದು ಹೇಳುತ್ತದೆ. ಈ ಕಟ್ಟಳೆ ಬಂದುದು 2003ರಲ್ಲಿ. ಭದ್ರತೆಯ ಮೊತ್ತವನ್ನು 2021ರಲ್ಲಿ ಮೇಲಿನ ವರ್ಗದ ಗಣಿಗಳಿಗೆ ಹೆಕ್ಟೇರಿಗೆ 5 ಲಕ್ಷ ರೂಪಾಯಿಗೆ ಏರಿಸಿದರು. ಇದೆಲ್ಲ ಬದುಕಿರುವ ಗಣಿಗೆ. 2003ಕ್ಕಿಂತ ಮುಂಚೆಯೇ ಬಾಗಿಲು ಹಾಕಿಕೊಂಡ ಗಣಿಗೆ ಯೋಜನೆಯೂ ಇಲ್ಲ, ಭದ್ರತೆಯ ಹಣವೂ ಇಲ್ಲ, ಕರೆದು ಕೇಳಲು ಗುತ್ತಿಗೆದಾರನೂ ಇಲ್ಲ. ಹಳೆಯ ಗಣಿಯ ನೆಲವನ್ನು ಗಣಿ ಕಾನೂನು ನನ್ನದಲ್ಲವೆನ್ನುತ್ತದೆ. ಪರಿಸರ ಕಾನೂನು ಅದು ಗಣಿಯದೆನ್ನುತ್ತದೆ. ಎರಡು ಇಲಾಖೆಗಳ ನಡುವಿನ ಈ ಸಂದಿಯಲ್ಲಿ ಒಂದು ತಾಂಡಾ ಬಿದ್ದಿದೆ.

ಹಣದ ಕಥೆಯೂ ಹೀಗೆಯೇ. 2015ರಲ್ಲಿ ಗಣಿ ಕಾಯಿದೆಯನ್ನು ತಿದ್ದಿ ಪ್ರತಿ ಗಣಿ ಜಿಲ್ಲೆಗೂ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಮಾಡಿದರು. ಗಣಿಯವರು ಕೊಡುವ ರಾಯಧನದ ಜೊತೆಗೆ, ಹಳೆಯ ಗುತ್ತಿಗೆಗಳಾದರೆ ಅದರ ನೂರಕ್ಕೆ 30ರಷ್ಟು, ಹರಾಜಿನ ಗುತ್ತಿಗೆಗಳಾದರೆ ನೂರಕ್ಕೆ 10ರಷ್ಟು ಹಣ ಈ ನಿಧಿಗೆ ಬರಬೇಕು. ಅದರ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಪರಿಸರಗಳಿಗೆ ವೆಚ್ಚವಾಗಬೇಕು. ಒಳ್ಳೆಯ ಏರ್ಪಾಟು. ಆದರೆ ಸತ್ತ ಗಣಿಗೆ ರಾಯಧನವೆಲ್ಲಿಯದು? ಗಣಿ ನಡೆಯುವ ಕಡೆ ನಿಧಿ ತುಂಬುತ್ತದೆ. ಗಣಿ ಮುಚ್ಚಿ ನಂಜು ಉಳಿದ ಕಡೆ ಆ ಗಣಿಯ ಹೆಸರಿನಲ್ಲಿ ಒಂದು ಕಾಸೂ ಬರುವುದಿಲ್ಲ. ಹೆಚ್ಚು ಬೇಕಾದವರಿಗೆ ಕಡಿಮೆ ಸಿಗುವಂತೆ ಮಾಡಿದ ವ್ಯವಸ್ಥೆ ಇದು.

ಗಣಿ ಬೇಡವೆಂಬ ವಾದವಲ್ಲ

ಇಷ್ಟು ಬರೆದ ಕೂಡಲೆ, ನೀವು ಗಣಿಗೆ ವಿರೋಧಿಗಳು, ಹಿಂದುಳಿದ ಸೀಮೆಗೆ ಬಂದ ಉದ್ಯೋಗಕ್ಕೆ ಕಲ್ಲು ಹಾಕುವವರು ಎಂದು ಕೆಲವರು ಹೇಳಬಹುದು. ನಮ್ಮ ಉತ್ತರ ಸ್ಪಷ್ಟವಾಗಿದೆ. ಹಟ್ಟಿಯ ಗಣಿ ಜನರ ಆಸ್ತಿ. ಅಲ್ಲಿನ ಕೆಲಸಗಾರನ ಕೂಲಿಯನ್ನೂ ಹಕ್ಕನ್ನೂ ಉಳಿಸುವ ಹೋರಾಟ, ಅಲ್ಲಿನ ನೆಲವನ್ನು ಉಳಿಸುವ ಹೋರಾಟ ಇವೆರಡೂ ಒಂದೇ. ಗಣಿಯ ಧೂಳನ್ನು ಮೊದಲು ಉಸಿರಾಡುವವನು ಕೆಲಸಗಾರನೇ ಹೊರತು ಬೆಂಗಳೂರಿನಲ್ಲಿ ಲೆಕ್ಕ ಬರೆಯುವವನಲ್ಲ. ಖಾಸಗಿ ಕಂಪನಿಯಾದರೆ ಲಾಭ ತೆಗೆದುಕೊಂಡು ಓಡಿಹೋಯಿತೆಂದು ದೂರಬಹುದು. ಸರ್ಕಾರಿ ಕಂಪನಿಗೆ ಓಡಿಹೋಗಲು ಜಾಗವೇ ಇಲ್ಲ. ಆದುದರಿಂದ ಅದರ ನಡತೆ ಉಳಿದವರಿಗೆ ಮೇಲ್ಪಂಕ್ತಿಯಾಗಬೇಕು. ಗಣಿ ಬದುಕಿ ಗಳಿಸುತ್ತಿರುವಾಗಲೇ ಅದರ ಮುಂದಿನ ಶುದ್ಧಿಗೆ ಹಣವನ್ನು ಎತ್ತಿಡಬೇಕು. ಅದಿರು ಮುಗಿದ ಮೇಲೆ ಬೊಕ್ಕಸ ಖಾಲಿ ಎನ್ನುವುದು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇದು ಬಂಗಾರದ ಗಣಿಯೊಂದರ ಮಾತೂ ಅಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ನಡೆಯತೊಡಗಿದ್ದು 1985ರಲ್ಲಿ. 1,720 ಮೆಗಾವಾಟಿನ ಆ ಸ್ಥಾವರ ನಾಡಿಗೆ ಬೆಳಕು ಕೊಟ್ಟಿದೆ. ನಮಗೆ ಬೂದಿಯ ಹೊಂಡಗಳನ್ನೂ ಕೊಟ್ಟಿದೆ. ಯಂತ್ರಗಳಿಗೆ ಮುಪ್ಪು ಬಂದಿದೆ. ಒಂದಲ್ಲ ಒಂದು ದಿನ ಅವು ನಿಲ್ಲುವವು. ಆ ದಿನ ಬೂದಿಯ ಹೊಂಡಗಳನ್ನು ಯಾರಿಗೆ ಬಿಟ್ಟು ಹೋಗುತ್ತಾರೆ? ರಾಯಚೂರಿನ ಸುತ್ತ ಇರುವ ರಾಸಾಯನಿಕ ಕಾರ್ಖಾನೆಗಳಲ್ಲಿ ಯಾವುದಾದರೂ ಬಾಗಿಲು ಹಾಕಿದರೆ, ಅಂಗಳದ ಮಣ್ಣನ್ನು ಪರೀಕ್ಷೆ ಮಾಡದೆ ಅದನ್ನು ನಿವೇಶನಗಳಾಗಿ ಮಾರಲು ಬಿಡುವರೆ? ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿನ ಪಾದರಸದ ಮಣ್ಣನ್ನು ಎಷ್ಟರಮಟ್ಟಿಗೆ ಶುದ್ಧ ಮಾಡಿದರೆ ಸಾಕು ಎಂಬ ವಾದವೇ ವರ್ಷಗಟ್ಟಲೆ ನಡೆಯಿತು. 591 ಮಾಜಿ ಕೆಲಸಗಾರರೊಡನೆ ಒಪ್ಪಂದವಾದುದು 2016ರಲ್ಲಿ. ಕಾರ್ಖಾನೆ ತೆರೆಯುವ ದಿನವೇ ಮುಚ್ಚುವ ದಿನದ ಷರತ್ತುಗಳನ್ನು ಬರೆಸಿಕೊಳ್ಳದಿದ್ದರೆ ಹೀಗೆಯೇ ಆಗುವುದು.

ನೀರು ಮೊದಲು, ನೆಲ ಆಮೇಲೆ

ರಾಯಚೂರು ಸೀಮೆ ಎರಡು ಹೊಳೆಗಳ ನಡುವಿನ ನಾಡು. ಕೃಷ್ಣೆಯ ದಂಡೆಯ ಗೂಗಲ್‌ನಿಂದ ತುಂಗಭದ್ರೆಯ ಕಡೆಯ ಮಾನ್ವಿ ಸೀಮೆಯವರೆಗೆ ಇಲ್ಲಿನ ಪ್ರತಿ ಹಳ್ಳವೂ ಕಡೆಗೆ ಈ ಎರಡರಲ್ಲಿ ಒಂದನ್ನು ಸೇರುತ್ತದೆ. ಹಳ್ಳದ ದಾರಿಯಲ್ಲಿ ಹಾಕಿದ ರಾಶಿ ಹಳ್ಳದ ಜೊತೆ ನಡೆಯುತ್ತದೆ. ಗೂಗಲ್ ಬಳಿ ಹೊಳೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದ್ದೇವೆ. ನೀರು ನಿಂತಲ್ಲಿ ಹೂಳೂ ನಿಲ್ಲುತ್ತದೆ. ಆ ಹೂಳಿನಲ್ಲಿ ಏನಿದೆ ಎಂದು ವರ್ಷಕ್ಕೊಮ್ಮೆ ನೋಡಿ ದಂಡೆಯ ಊರುಗಳ ಪಂಚಾಯತಿ ಗೋಡೆಯ ಮೇಲೆ ಬರೆದರೆ ಸರ್ಕಾರಕ್ಕೆ ಆಗುವ ಖರ್ಚು ಒಂದು ಉದ್ಘಾಟನೆಯ ಪೆಂಡಾಲಿನಷ್ಟೂ ಇಲ್ಲ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಆರ್ಸೆನಿಕ್ ಎಂದ ಕೂಡಲೆ ಅಧಿಕಾರಿಗಳಿಗೆ ತೋಚುವುದು ಊರಿಗೊಂದು ಶುದ್ಧ ನೀರಿನ ಘಟಕ, ಒಂದು ಫಲಕ, ಒಂದು ಫೋಟೋ. ಆ ಯಂತ್ರ ತಡೆದ ನಂಜು ಮಾಯವಾಗುವುದಿಲ್ಲ. ಅದು ಹೊರಹಾಕುವ ನೀರಿನಲ್ಲಿ, ಬದಲಾಯಿಸಿದ ಫಿಲ್ಟರಿನಲ್ಲಿ ಕೂಡಿರುತ್ತದೆ. ಅದನ್ನು ಹಿತ್ತಲಿಗೆ ಚೆಲ್ಲಿದರೆ ಮತ್ತೆ ಅದೇ ಬಾವಿಗೆ ಇಳಿಯುತ್ತದೆ. ಯಂತ್ರ ಕೆಟ್ಟು ನಿಂತರೆ ಜನ ಮತ್ತೆ ಕೊಳವೆ ಬಾವಿಗೇ ಹೋಗುತ್ತಾರೆ. ನಾರಾಯಣಪುರದ ಜಲಾಶಯ ಹತ್ತಿರದಲ್ಲಿರುವಾಗ, ಅದರ ಕಾಲುವೆಗಳು ಎರಡು ದಂಡೆಗಳಲ್ಲಿಯೂ ಹರಿಯುತ್ತಿರುವಾಗ, ಹೊಳೆಯ ನೀರನ್ನು ಶುದ್ಧ ಮಾಡಿ ಕೊಳವೆಯಲ್ಲಿ ತಾಂಡಾಗಳಿಗೆ ತರುವುದೇ ಶಾಶ್ವತ ದಾರಿ. ಅಲ್ಲಿಯವರೆಗೆ ಪ್ರತಿ ಕೊಳವೆ ಬಾವಿಯನ್ನೂ ಪರೀಕ್ಷಿಸಿ, ಕುಡಿಯಬಾರದುದಕ್ಕೆ ಕೆಂಪು ಬಣ್ಣ, ಕುಡಿಯಬಹುದಾದುದಕ್ಕೆ ಹಸಿರು ಬಣ್ಣ ಬಳಿಯಬೇಕು. ಬಂಗಾಳದಲ್ಲಿ ಮಾಡಿದ ಕೆಲಸವಿದು. ಓದಲು ಬಾರದ ಮುದುಕಿಗೂ ಅರ್ಥವಾಗುತ್ತದೆ.

ನೆಲದ ಮಾತು ಮೂರು ಬಗೆ. ಮೊದಲನೆಯದು ರಾಶಿ ಬಿದ್ದ ಜಾಗ. ಅದನ್ನು ಹೊಲವಾಗಿಸುವ ಆಸೆ ಬೇಡ. ಮಳೆಯ ನೀರು ಒಳಹೋಗದಂತೆ ಜೇಡಿಮಣ್ಣಿನ ಗಟ್ಟಿ ಹೊದಿಕೆ, ಅದರ ಮೇಲೆ ಒಳ್ಳೆಯ ಮಣ್ಣು, ಬೇರು ಬಿಗಿಹಿಡಿಯುವ ಹುಲ್ಲು, ಸುತ್ತ ಒಡ್ಡು, ನೀರು ಸುತ್ತಿ ಹೋಗಲು ಕಾಲುವೆ, ದನಕುರಿ ಹೋಗದಂತೆ ಬೇಲಿ, ಇಷ್ಟು ಬೇಕು. ಎರಡನೆಯದು ಸುತ್ತಣ ಹೊಲಗಳು. ಇವನ್ನು ಸರ್ವೆ ನಂಬರಿನಂತೆ ಪರೀಕ್ಷಿಸಬೇಕು. ನೀರು ನಿಲ್ಲಿಸಿ ಬೆಳೆಯುವ ಭತ್ತವು ಮಣ್ಣಿನ ಆರ್ಸೆನಿಕ್ಕನ್ನು ಒಣ ಬೇಸಾಯದ ಧಾನ್ಯಗಳಿಗಿಂತ ಹೆಚ್ಚಾಗಿ ಹೀರುತ್ತದೆ. ಎಲ್ಲಿ ಭತ್ತ ಬೇಡ, ಎಲ್ಲಿ ಜೋಳ ಆದೀತು, ಎಲ್ಲಿ ಹತ್ತಿಯೇ ಲೇಸು ಎಂದು ಹೇಳಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ನಮ್ಮ ಮಗ್ಗುಲಲ್ಲೇ ಇದೆ. ಬೆಳೆ ಬದಲಿಸಿದ ರೈತನ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ಮೂರನೆಯದು ಹಳೆಯ ಕಟ್ಟಡ, ರಸ್ತೆ, ಬಯಲು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಡೆ ಗೋದಾಮು, ತರಬೇತಿ ಶಾಲೆ, ಸೌರ ವಿದ್ಯುತ್ ಹಲಗೆಗಳು ಬರಬಹುದು. ಪಾವಗಡದಲ್ಲಿ ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಯಿಂದ ಆರಂಭಿಸಿ ಸೌರ ಸ್ಥಾವರ ನಿಲ್ಲಿಸಿದರು. ಗುತ್ತಿಗೆಯ ಹಣ ಒಡೆಯನಿಗೆ ಬಂದರೂ ಜಮೀನಿಲ್ಲದ ಕೂಲಿಕಾರನಿಗೆ ಕೆಲಸ ಹೋಗುತ್ತದೆ ಎಂಬ ಮಾತನ್ನು ಇಲ್ಲಿ ಮೊದಲೇ ಯೋಚಿಸಬೇಕು. ಆದರೆ ಜಮೀನು ಒಡೆಯನ ಹೆಸರಿನಲ್ಲಿಯೇ ಉಳಿಯಬೇಕೆಂಬ ತತ್ವ ಸರಿಯಾದುದು. ಕೆಟ್ಟ ನೆಲವೆಂದು ಹೆದರಿಸಿ ಅಗ್ಗಕ್ಕೆ ಕೊಂಡು, ಶುದ್ಧವಾದ ಮೇಲೆ ದುಬಾರಿಗೆ ಮಾರುವ ದಲ್ಲಾಳಿಗಳಿಗೆ ದಾರಿ ಬಿಡಕೂಡದು.

ಇನ್ನೊಂದು ಮಾತು. ಕೆಲಸ ಕೊಡುವ ನೆಪದಲ್ಲಿ ಈ ಪುಡಿಯನ್ನು ಹೊರಲು ತಾಂಡಾದ ಹೆಂಗಸರ ಕೈಗೆ ಬುಟ್ಟಿ ಸಲಿಕೆ ಕೊಡಬಾರದು. ಶುದ್ಧಿಯ ಕೆಲಸದಲ್ಲಿ ಊರಿನವರಿಗೇ ಮೊದಲ ಹಕ್ಕು ಸಲ್ಲಬೇಕು. ಮುಖವಾಡ, ಕೈಗವಸು, ಬೂಟು, ತರಬೇತಿ, ವೈದ್ಯ ಪರೀಕ್ಷೆ, ಒಳ್ಳೆಯ ಕೂಲಿ ಇವೆಲ್ಲ ಆ ಹಕ್ಕಿನ ಜೊತೆಗೇ ಬರಬೇಕು.

ನಮ್ಮ ಒತ್ತಾಯಗಳು

ಆದುದರಿಂದ ಸರ್ಕಾರದ ಮುಂದೆ ಈ ಬೇಡಿಕೆಗಳನ್ನು ಇಡುತ್ತೇವೆ.

1. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಮುಚ್ಚಿದ ಗಣಿ, ಬಿಟ್ಟುಹೋದ ಅದಿರಿನ ರಾಶಿ, ಬಾಗಿಲು ಹಾಕಿದ ಕಾರ್ಖಾನೆಗಳ ಪಟ್ಟಿಯನ್ನು ಜಿಲ್ಲಾಧಿಕಾರಿಗಳು ತಯಾರಿಸಿ, ಕನ್ನಡದಲ್ಲಿ ಪ್ರತಿ ಪಂಚಾಯತಿಯಲ್ಲಿಯೂ ಅಂಟಿಸಬೇಕು.

2. ನೆಲ ತೋಡುವುದು ಬೇರೆ, ಅದಿರನ್ನು ಅರೆದು ಸಯನೈಡ್ ಹಾಕುವುದು ಬೇರೆ. ಎರಡನೆಯದು ಕಾರ್ಖಾನೆಯ ಕೆಲಸ. ಗಣಿಯ ಕಸದೊಡನೆ ಬೇರೆ ವಿಷವೂ ಬೆರೆತು ಮಿತಿ ಮೀರಿದ್ದರೆ ಶುದ್ಧಿಯಾಗಬೇಕೆಂದು 2025ರ ನಿಯಮಗಳೇ ಒಂದು ಬಾಗಿಲನ್ನು ತೆರೆದಿವೆ. ರಾಜ್ಯ ಸರ್ಕಾರವು ಆ ಬಾಗಿಲಿನಿಂದ ಈ ನೆಲಗಳನ್ನು ಒಳಕ್ಕೆ ತರಬೇಕು. ಆಗದಿದ್ದರೆ ವಾರಸುದಾರರಿಲ್ಲದ ಹಳೆಯ ಗಣಿಗಳನ್ನು ನಿಯಮಗಳೊಳಗೆ ಸೇರಿಸುವಂತೆ ಕೇಂದ್ರವನ್ನು ಒತ್ತಾಯಿಸಬೇಕು. ನಮ್ಮ ಸಂಸದರು ಲೋಕಸಭೆಯಲ್ಲಿ ಈ ಪ್ರಶ್ನೆ ಎತ್ತಬೇಕು.

3. ನಡೆಯುವ ಗಣಿಗಳ ಖನಿಜ ನಿಧಿಯಿಂದ ಒಂದು ಪಾಲನ್ನು ಸತ್ತ ಗಣಿಗಳ ಊರುಗಳಿಗೆ ಕೊಡುವಂತೆ ರಾಜ್ಯಮಟ್ಟದ ನಿಧಿಯೊಂದು ಆಗಬೇಕು.

4. ಕಿರದಳ್ಳಿ ತಾಂಡಾ ಮತ್ತು ಸುತ್ತಣ ಊರುಗಳ ಪ್ರತಿಯೊಬ್ಬರಿಗೂ ಆರೋಗ್ಯದ ಚೀಟಿ ಮಾಡಿ, ವರ್ಷಕ್ಕೆ ಎರಡು ಬಾರಿ ಚರ್ಮದ ಪರೀಕ್ಷೆ, ಬೇಕಾದವರಿಗೆ ಕ್ಯಾನ್ಸರ್ ಚಿಕಿತ್ಸೆ, ದುಡಿಯಲಾರದವರಿಗೆ ಮಾಸಾಶನ ಕೊಡಬೇಕು.

5. ಹಟ್ಟಿ, ಊಟಿ ಮೊದಲಾದ ನಡೆಯುವ ಗಣಿಗಳ ಮುಚ್ಚುವ ಯೋಜನೆಯನ್ನು ಕನ್ನಡಕ್ಕೆ ತಂದು ಆ ಊರುಗಳ ಗ್ರಾಮಸಭೆಯ ಮುಂದೆ ಇಡಬೇಕು. ಇಟ್ಟ ಭದ್ರತೆ ಎಷ್ಟು, ನಿಜವಾಗಿ ತಗಲುವ ಖರ್ಚು ಎಷ್ಟು ಎಂಬ ಲೆಕ್ಕವನ್ನು ಬಹಿರಂಗಪಡಿಸಬೇಕು.

ಓದುಗರಲ್ಲಿಯೂ ಒಂದು ವಿನಂತಿ. ಪಟ್ಟಿ ಮಾಡುವ ಕೆಲಸವನ್ನು ಅಧಿಕಾರಿಗಳ ಪಾಲಿಗೆ ಬಿಟ್ಟು ಕುಳಿತರೆ ಪಟ್ಟಿಯಲ್ಲಿ ದೊಡ್ಡವರ ನೆಲ ಬರುವುದಿಲ್ಲ, ಬಡವರ ನೆಲ ನೆನಪಾಗುವುದಿಲ್ಲ. ದೇವದುರ್ಗ, ಮಾನ್ವಿ, ಲಿಂಗಸುಗೂರು, ಸುರಪುರ ತಾಲೂಕುಗಳ ಗೆಳೆಯರು ತಮ್ಮ ಊರ ಸೀಮೆಯಲ್ಲಿ ಇಂಥ ನೆಲ ಯಾವುದೆಂದು ಗುರುತಿಸಿ, ಸರ್ವೆ ನಂಬರ್ ಹಾಕಿ, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿರಿ. ಸ್ವೀಕೃತಿಯ ಚೀಟಿ ಪಡೆಯಿರಿ. ಚೀಟಿ ಬಂದ ದಿನದಿಂದ ದಿನಗಳನ್ನು ಎಣಿಸಿರಿ. ತೊಂಬತ್ತು ದಿನದಲ್ಲಿ ಯಾರೂ ಬರದಿದ್ದರೆ ಕಚೇರಿಯ ಮುಂದೆ ಕುಳಿತುಕೊಳ್ಳುವ ಹಕ್ಕು ನಿಮ್ಮದಾಗುತ್ತದೆ.

ಬಂಗಾರ ಹೊರಟುಹೋದ ದಾರಿಗೆ ಲೆಕ್ಕವಿದೆ. ತೊಲದಿಂದ ಗುಂಜಿಯವರೆಗೆ ಯಾರೋ ಬರೆದಿಟ್ಟಿದ್ದಾರೆ. ಉಳಿದ ನಂಜಿನ ಲೆಕ್ಕವನ್ನು ಬರೆಯುವ ಕೆಲಸ ಈಗ ನಡೆಯಬೇಕಾಗಿದೆ. ಅದನ್ನು ಬರೆಯಿಸದೆ ನಾವು ಬಿಡಬಾರದು.